ಗುಂಡಿ ಒತ್ತಿದ ಮೇಲೆಯೇ ಕೋಲೆತ್ತುವ ಗೋಡೆ ಅಕ್ಕ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಚದುರಂಗ ಭವನದ ಹಿಂಬಾಗಿಲಿಗೆ ಕೀಲಿ ಹಾಕಿ, ಎರಡು ಸುತ್ತು ತಿರುಗಿಸಿ, ಬಾಗಿಲ ಕೆಳಭಾಗಕ್ಕೆ ಮೊಣಕಾಲಿನಿಂದ ಮೆತ್ತಗೆ ಒಂದು ಗುದ್ದು ಕೊಡುತ್ತಾರೆ ಆಕೆ. ಹಾಗೆ ಗುದ್ದದಿದ್ದರೆ ಅದು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಒಳಗೆ ಹೋದವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಸ ಗುಡಿಸಲು ನಿಲ್ಲುತ್ತಾರೆ ಎಂದುಕೊಂಡರೆ, ಇಲ್ಲ. ಮೊದಲು ಒಂದೊಂದೇ ಮೇಜಿನ ಅಂಚು ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಕುಂಟುವ ಮೇಜಿನ ಕಾಲಡಿಗೆ ಹಳೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತುರುಕುತ್ತಾರೆ.

"ಮೇಜು ಅಲ್ಲಾಡಿದ್ರೆ ಮನುಷ್ಯ ಅಲ್ಲಾಡ್ತಾನೆ. ಯೋಚನೆ ಮಾಡ್ಕೊಂಡು ಕೂತಿದ್ದೋನು ಬೇಜಾರಾಗಿ ಏನೋ ಒಂದು ಎತ್ತಿಟ್ಬಿಡ್ತಾನೆ. ಆಮೇಲೆ ಸೋತೆ ಅಂತ ಮೇಜಿಗೇ ಬೈತಾನೆ" ಎನ್ನುತ್ತಾರೆ, ಎದ್ದು ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ.

ಐವತ್ನಾಲ್ಕು ವರ್ಷದ ಈಕೆಯನ್ನು ಭವನದಲ್ಲಿ ಎಲ್ಲರೂ ಕರೆಯುವುದು ಗೋಡೆ ಅಕ್ಕ ಎಂದು. ಪಂದ್ಯಾವಳಿಯ ದಿನ ನಲವತ್ತೆಂಟು ಮೇಜು, ನಲವತ್ತೆಂಟು ಗಡಿಯಾರ, ಸಾವಿರದ ಐನೂರ ಮೂವತ್ತಾರು ಕಾಯಿ. ಎಂಟು ಗಂಟೆಗೆ ಆಟಗಾರರು ಬರುವಷ್ಟರಲ್ಲಿ ಎಲ್ಲವೂ ಅದರದರ ಮನೆಯಲ್ಲಿ ಕೂತಿರಬೇಕು. ಮೊದಲು ರಾಜರನ್ನು ಇಟ್ಟುಕೊಂಡು ಹೋಗುತ್ತಾರೆ, ಕೊನೆಗೆ ಕಾಲಾಳುಗಳು. ಕುದುರೆಗಳ ಮೂತಿ ಎದುರಾಳಿಯ ಕಡೆಗೇ ತಿರುಗಿರಬೇಕೆಂಬುದು ಅವರದೇ ನಿಯಮ, ಪುಸ್ತಕದಲ್ಲಿಲ್ಲ. ನಡೆ ಮುಗಿಸಿದವರು ತಮ್ಮ ಹೊತ್ತು ನಿಲ್ಲಿಸಲು ಒತ್ತುವ ಗುಂಡಿ ಪ್ರತಿ ಗಡಿಯಾರಕ್ಕೂ ಎರಡು. ಎರಡನ್ನೂ ಒತ್ತಿ, ಕಿವಿ ಕೊಟ್ಟು ಕೇಳಿ, ಮುಂದಿನ ಮೇಜಿಗೆ ಹೋಗುತ್ತಾರೆ. ಅಷ್ಟೆಲ್ಲ ಆದ ಮೇಲೆ ಗುಡಿಸುವ ಕೆಲಸ.

ಆದರೆ ಅವರ ನಿಜವಾದ ಕೆಲಸ ಶುರುವಾಗುವುದು ಮುಖ್ಯ ಪಂದ್ಯದ ಹೊತ್ತಿಗೆ. ಭವನದ ತುದಿಯಲ್ಲಿ ಮೊಣಕಾಲೆತ್ತರದ ಒಂದು ವೇದಿಕೆ. ಮುಖ್ಯ ಪಂದ್ಯದ ಇಬ್ಬರು ಅಲ್ಲಿ ಕೂತು ಆಡುತ್ತಾರೆ. ಹಗ್ಗದಾಚೆ ಕೂತ ನೂರಿನ್ನೂರು ಜನಕ್ಕೆ ಆ ಮೇಜಿನ ಮೇಲೆ ಏನು ನಡೆಯುತ್ತಿದೆ ಎಂಬುದು ಕಾಣುವುದಿಲ್ಲ. ಅದಕ್ಕೆಂದೇ ವೇದಿಕೆಯ ಹಿಂದಿನ ಗೋಡೆಗೆ ಎಂಟಡಿ ಉದ್ದ, ಎಂಟಡಿ ಅಗಲದ ಚದುರಂಗದ ಹಲಗೆ ಹೊಡೆದಿದ್ದಾರೆ. ಪ್ರತಿ ಮನೆಗೂ ಒಂದು ಮೊಳೆ. ತಗಡಿನಲ್ಲಿ ಕತ್ತರಿಸಿದ ಕಾಯಿಗಳು ಆ ಮೊಳೆಗಳಿಗೆ ನೇತುಬಿದ್ದಿರುತ್ತವೆ. ಮೇಜಿನ ಮೇಲೆ ಒಂದು ನಡೆ ಆದೊಡನೆ ಗೋಡೆ ಅಕ್ಕ ತುದಿಯಲ್ಲಿ ಕೊಕ್ಕೆಯಿರುವ ಕೋಲಿನಿಂದ ಅದೇ ನಡೆಯನ್ನು ಗೋಡೆಯ ಮೇಲೆ ಮಾಡಿ ತೋರಿಸುತ್ತಾರೆ. ಒಂದು ಪಂದ್ಯಕ್ಕೆ ಎಂಬತ್ತು ಸಲ ಕೋಲು ಮೇಲೇಳುತ್ತದೆ. ಕೆಲವು ಪಂದ್ಯಗಳಲ್ಲಿ ನೂರೈವತ್ತು. ನಾಲ್ಕು ಗಂಟೆ, ಐದು ಗಂಟೆ ನಿಂತೇ ಇರಬೇಕು. ಕೂತರೆ ಮೇಜು ಕಾಣುವುದಿಲ್ಲ.

ಇಷ್ಟು ಹೊತ್ತು ನಿಂತು ಏನು ನೋಡುತ್ತೀರಿ ಎಂದು ಕೇಳಿದರೆ ಅವರ ಉತ್ತರ ಸ್ವಲ್ಪ ವಿಚಿತ್ರ.

"ಕಾಲು ನೋಡ್ತೀನಿ. ಜನಕ್ಕೆ ಮುಖ ಕಾಣುತ್ತೆ, ನಂಗೆ ಮೇಜಿನ ಕೆಳಗಡೇದೂ ಕಾಣುತ್ತೆ. ಆತುರದೋರಿಗೆ ಕೈ ಏಳೋಕ್ಕಿಂತ ಮೊದ್ಲು ಹಿಮ್ಮಡಿ ಏಳುತ್ತೆ. ಹಿಮ್ಮಡಿ ಎದ್ದಿದ್ದು ಕಂಡ್ರೆ ಈಗ ಏನೋ ಯಡವಟ್ಟು ಮಾಡ್ತಾರೆ ಅಂತ ಅನ್ಕೋತೀನಿ. ಹತ್ತಕ್ಕೆ ಏಳು ಸಲ ಹಾಗೇ ಆಗುತ್ತೆ."

ಆತುರ ಯಾವಾಗ ಬರುತ್ತದೆ ಎಂಬುದರ ಬಗ್ಗೆಯೂ ಅವರಿಗೆ ತಮ್ಮದೇ ಲೆಕ್ಕವಿದೆ. ಕಷ್ಟದ ಸ್ಥಿತಿಯಲ್ಲಿ ಯಾರೂ ಅವಸರ ಮಾಡುವುದಿಲ್ಲವಂತೆ, ಆಗ ಎಲ್ಲರೂ ಸಂನ್ಯಾಸಿಗಳೇ. ಎದುರಾಳಿ ಒಂದು ಕಾಯಿ ಹೊಡೆದಾಗ ಮಾತ್ರ ತಿರುಗಿ ಹೊಡೆಯುವ ಕೈ ತಡೆಯುವುದಿಲ್ಲ. "ಹೊಡೆದೋನನ್ನ ವಾಪಸ್ ಹೊಡೆಯೋಕೆ ಯಾರಾದ್ರೂ ಯೋಚಿಸ್ತಾರಾ? ಅಲ್ಲೇ ಕೆಡೋದು. ಇನ್ನೊಂದು, ಗೆದ್ದೇಬಿಟ್ಟೆ ಅಂತ ಅನ್ನಿಸಿದಾಗ." ಹಾಗೆಂದು ತಡವಾಗಿ ಆಡುವವರೆಲ್ಲ ವಿವೇಕಿಗಳೆಂದೂ ಅವರು ಒಪ್ಪುವುದಿಲ್ಲ. "ಅರ್ಧ ಗಂಟೆ ಕೂರೋರೆಲ್ಲ ಯೋಚನೆ ಮಾಡ್ತಿರ್ತಾರೆ ಅಂತ ತಿಳ್ಕೋಬೇಡಿ. ಕೆಲವ್ರು ಸುಮ್ನೆ ಹೆದರ್ಕೊಂಡು ಕೂತಿರ್ತಾರೆ. ಇಲ್ಲಿಗೆ ಒಬ್ರು ದರ್ಜಿ ಬರ್ತಾರೆ, ವಯಸ್ಸಾಗಿದೆ, ಪಟಪಟ ಅಂತ ಆಡ್ತಾರೆ. ಅವರದು ಆತುರ ಅಲ್ಲ. ಅವರು ಎದುರಿನೋರ ಹೊತ್ತಲ್ಲೇ ತಮ್ಮ ಯೋಚನೆ ಮುಗಿಸ್ಕೊಂಡಿರ್ತಾರೆ. ಹಿಮ್ಮಡಿ ನೆಲದಲ್ಲೇ ಇರುತ್ತೆ."

ಇಷ್ಟೆಲ್ಲ ಹೇಳುವ ಅಕ್ಕ ಸ್ವತಃ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಬೆಳೆದವರು. ಇಪ್ಪತ್ತೆರಡು ವರ್ಷದ ಹಿಂದೆ ಅವರು ಬಟ್ಟೆ ಕಾರ್ಖಾನೆಯೊಂದರಲ್ಲಿ ಗುಂಡಿ ಹೊಲಿಯುತ್ತಿದ್ದರು. ಒಂದು ದಿನ ಮೇಲ್ವಿಚಾರಕ ಎಲ್ಲರೆದುರು ಏನೋ ಅಂದ. ಏನಂದ ಎಂದು ಈಗ ನೆನಪೂ ಇಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅದಾಗಿ ಹದಿನೈದೇ ದಿನಕ್ಕೆ ಬಣ್ಣ ಬಳಿಯುವ ಕೆಲಸದ ಗಂಡ ಏಣಿಯಿಂದ ಬಿದ್ದರು. ಬಿದ್ದದ್ದು ಇದೇ ಭವನದ ಮೇಲಿನ ಕಿಟಕಿಗೆ ಬಣ್ಣ ಹೊಡೆಯುವಾಗ. ಬೆನ್ನುಮೂಳೆಗೆ ಪೆಟ್ಟು. ಆರು ತಿಂಗಳು ಮಲಗಿದಲ್ಲೇ.

"ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ನಂಗೆ ಕೆಟ್ಟ ಮೇಲೂ ಬರ್ಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ನಿಂತ್ಕೊಂಡೂ ಆ ಮೇಲ್ವಿಚಾರಕನ್ನೇ ಬೈತಿದ್ದೆ."

ಭವನದ ಸಮಿತಿಯವರು ಕನಿಕರಪಟ್ಟು ಆಕೆಗೆ ಗುಡಿಸುವ ಕೆಲಸ ಕೊಟ್ಟರು. ಗೋಡೆಯ ಹಲಗೆಗೆ ಕಪ್ಪು ಬಿಳಿ ಮನೆಗಳನ್ನು ಬಳಿದಿದ್ದವರು, ಅಂಚಿನಲ್ಲಿ ಅಕ್ಷರ ಅಂಕಿ ಬರೆದಿದ್ದವರು ಅದೇ ಗಂಡ. ಕಸ ಗುಡಿಸುತ್ತ ಅಕ್ಕ ಆ ಅಕ್ಷರ ಅಂಕಿಗಳನ್ನು ಓದಿಕೊಂಡರು, ಆಮೇಲೆ ಆಟವನ್ನೂ ಓದಿಕೊಂಡರು. ಮೂರನೆಯ ವರ್ಷ ಕೋಲು ಹಿಡಿಯುತ್ತಿದ್ದ ಗುಮಾಸ್ತ ಜ್ವರದಿಂದ ಮಲಗಿದಾಗ, ಕಾರ್ಯದರ್ಶಿ ಯಾರೂ ಸಿಗದೆ "ನೋಡಮ್ಮ, ನಿನ್ನ ಕೈಲಿ ಆಗುತ್ತಾ?" ಎಂದರು. ಆಗುತ್ತೆ ಎಂಬ ಮಾತು ಅವರ ಪ್ರಶ್ನೆ ಮುಗಿಯುವ ಮೊದಲೇ ಬಾಯಿಂದ ಬಂದಿತ್ತು.

ಇನ್ನು ಹನ್ನೊಂದು ವರ್ಷದ ಹಿಂದಿನ ಆ ಅಂತಿಮ ಪಂದ್ಯದ ವಿಷಯ. ಭವನದ ಹಳಬರು ಇವತ್ತಿಗೂ ಅದನ್ನು ಮಾತಾಡಿಕೊಳ್ಳುತ್ತಾರೆ, ಆದರೆ ಆಡಿದವರ ಬಗ್ಗೆ ಮಾತ್ರ.

ಒಂದು ಕಡೆ ಔಷಧಿ ಅಂಗಡಿಯವರು. ಐವತ್ತರ ಆಸುಪಾಸು, ಚೀಟಿಯನ್ನು ಎರಡು ಸಲ ಓದದೆ ಮಾತ್ರೆ ಕೊಡದ ಮನುಷ್ಯ. ಆಟವೂ ಹಾಗೇ. ಇನ್ನೊಂದು ಕಡೆ ಬಸ್ಸಿನ ಕಂಡಕ್ಟರ್ ಹುಡುಗಿ, ಇಪ್ಪತ್ನಾಲ್ಕು ವರ್ಷ. ಓಡುವ ಬಸ್ಸಿನಲ್ಲಿ ಒಂದೇ ಕೈಯಲ್ಲಿ ಚೀಟಿ ಹರಿದು ಚಿಲ್ಲರೆ ಕೊಟ್ಟು ಅಭ್ಯಾಸವಾದ ಬೆರಳುಗಳು ಮೇಜಿನ ಮೇಲೂ ಸುಮ್ಮನಿರುತ್ತಿರಲಿಲ್ಲ. ಆಕೆ ಗೋಡೆಗೆ ಮುಖ ಮಾಡಿ ಕೂತಿದ್ದಳು, ಔಷಧಿ ಅಂಗಡಿಯವರ ಬೆನ್ನು ಗೋಡೆಯ ಕಡೆಗಿತ್ತು. ಅಕ್ಕನ ಮಟ್ಟಿಗೂ ಅದು ದೊಡ್ಡ ದಿನ. ಅವರನ್ನು ಖಾಯಂ ಮಾಡುವ ಕಾಗದ ಕಾರ್ಯದರ್ಶಿಯ ಮೇಜಿನ ಮೇಲೆ ಸಹಿಗೆ ಕಾದು ಕೂತಿತ್ತು.

ಇಪ್ಪತ್ತೆರಡನೆಯ ನಡೆ. ಔಷಧಿ ಅಂಗಡಿಯವರು ಹುಡುಗಿಯ ಒಂದು ಕಾಲಾಳನ್ನು ಹೊಡೆದು, ಗಡಿಯಾರದ ಗುಂಡಿ ಒತ್ತಿ, ತಲೆ ಬಗ್ಗಿಸಿ ತಮ್ಮ ಹಾಳೆಯಲ್ಲಿ ಅದನ್ನು ಬರೆದುಕೊಳ್ಳತೊಡಗಿದರು. ಹುಡುಗಿ ಕುದುರೆಯಿಂದ ತಿರುಗಿ ಹೊಡೆಯುತ್ತಾಳೆ, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವಳ ಹಿಮ್ಮಡಿ ಎದ್ದಿತು. ಕೈ ಕುದುರೆಯ ಮೇಲೆ ಬಂತು. ಅಕ್ಕನ ಕೋಲೂ ಮೇಲೆದ್ದಿತು. ಎಂಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹೋಯಿತು. ಗೋಡೆಯ ಮೇಲಿನ ಕುದುರೆ ತನ್ನ ಮೊಳೆ ಬಿಟ್ಟು ಎರಡು ಮನೆ ಆಚೆಗೆ ಹೋಗಿ ನೇತುಬಿತ್ತು.

ಅದು ಹೋದ ಜಾಗ ಖಾಲಿಯಾದಾಗಲೇ ಅಕ್ಕನಿಗೆ ಕಂಡದ್ದು. ಆ ಕುದುರೆ ಅಷ್ಟು ಹೊತ್ತು ಎದುರಾಳಿಯ ಆನೆಗೂ ಹುಡುಗಿಯ ರಾಣಿಗೂ ಮಧ್ಯೆ ಗೋಡೆಯ ಹಾಗೆ ನಿಂತಿತ್ತು. ಅದು ಎದ್ದರೆ ರಾಣಿ ನೇರ ಆನೆಯ ಬಾಯಿಗೆ.

ಹುಡುಗಿಯ ಕೈ ಇನ್ನೂ ಗಾಳಿಯಲ್ಲಿತ್ತು. ಜನ ಗುಜುಗುಜು ಅಂದರು. ಅವಳು ತಲೆಯೆತ್ತಿ ಗೋಡೆ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು. ಸದ್ದಿಗೆ ತಲೆಯೆತ್ತಿದ ಔಷಧಿ ಅಂಗಡಿಯವರಿಗೆ ಕಂಡದ್ದು ಹಿಂದಕ್ಕೆ ಹೋಗುತ್ತಿದ್ದ ಆ ಕೈ. ತಿರುಗಿ ನೋಡಿದರೆ ಗೋಡೆಯ ಮೇಲೆ ಕುದುರೆ ನಡೆದಾಗಿದೆ. ಮುಟ್ಟಿದ ಕಾಯಿಯನ್ನೇ ಆಡಬೇಕು ಎಂಬುದು ಈ ಆಟದ ಕಟ್ಟುನಿಟ್ಟಿನ ನಿಯಮ. ಅವರು ತೀರ್ಪುಗಾರರನ್ನು ಕರೆದರು.

"ಇವ್ರು ಕುದುರೆ ಮುಟ್ಟಿದ್ದಾರೆ. ಮುಟ್ಟದೆ ಗೋಡೆ ಮೇಲೆ ಹೇಗೆ ಬರುತ್ತೆ? ಅದನ್ನೇ ಆಡ್ಲಿ."

"ನಾನು ಮುಟ್ಟಿಲ್ಲ" ಎಂದಳು ಹುಡುಗಿ. ದನಿಯಲ್ಲಿ ಬಲವಿರಲಿಲ್ಲ.

ತೀರ್ಪುಗಾರರು ಅಷ್ಟು ಹೊತ್ತು ಕೆಳಗಿನ ಮೇಜೊಂದರ ತಕರಾರು ಬಿಡಿಸುತ್ತಿದ್ದರು. ಹಗ್ಗದಾಚೆಯಿಂದ ಬೆರಳು ತಾಗಿತೋ ಇಲ್ಲವೋ ಕಾಣುವುದಿಲ್ಲ. ಕಂಡಿರಬಹುದಾದ ಕಣ್ಣು ಒಂದೇ ಜೊತೆ. ಅವರು ಗಡಿಯಾರ ನಿಲ್ಲಿಸಿ ಅಕ್ಕನ ಕಡೆ ತಿರುಗಿದರು. "ಅಮ್ಮ, ಅವರು ಕುದುರೆ ಮುಟ್ಟಿದ್ರಾ? ಅವಸರ ಏನಿಲ್ಲ. ಯೋಚನೆ ಮಾಡಿ ಹೇಳಿ."

ಮುಟ್ಟಿದರು ಎಂದರೆ ಅಕ್ಕನ ತಪ್ಪು ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಗೋಡೆ ಸರಿ, ಕೋಲು ಸರಿ, ಕಾಗದಕ್ಕೆ ಸಹಿ ಬೀಳುತ್ತದೆ. ಯಾರೂ ಅಲ್ಲ ಅನ್ನುವಂತಿರಲಿಲ್ಲ. ಮುಟ್ಟಲಿಲ್ಲ ಎಂದರೆ ಅಂತಿಮ ಪಂದ್ಯದಲ್ಲಿ, ಇನ್ನೂರು ಜನರೆದುರು, ಆಡದ ನಡೆಯನ್ನು ಆಡಿ ತೋರಿಸಿದವಳು ತಾನು ಎಂದು ತಾನೇ ಒಪ್ಪಿಕೊಂಡಂತೆ.

"ನಿಜ ಹೇಳ್ತೀನಿ, ಸುಳ್ಳೇ ಮೊದ್ಲು ಬಾಯಿಗೆ ಬಂದಿದ್ದು. ಅದು ಆತುರದ ಮಾತು ನೋಡಿ, ಅದಕ್ಕೇ ಮೊದ್ಲು ಬರುತ್ತೆ. ನುಂಗ್ಕೊಂಡೆ. ಆಮೇಲೆ ಮನೇಲಿ ಕೂತಿರೋ ಗಂಡ ನೆನಪಾದ್ರು, ಮತ್ತೆ ಅದೇ ಸುಳ್ಳು ಬಂತು. ಮತ್ತೆ ನುಂಗ್ಕೊಂಡೆ. ಆ ಹುಡುಗಿ ನನ್ನ ಮುಖ ನೋಡ್ತಾನೂ ಇರ್ಲಿಲ್ಲ, ತನ್ನ ಬೆರಳು ನೋಡ್ಕೋತಿದ್ಲು. ಅವಳಿಗೇ ಗೊತ್ತಿಲ್ಲ ಮುಟ್ಟಿದ್ನೋ ಇಲ್ವೋ ಅಂತ. ನಂಗೆ ಗೊತ್ತಿತ್ತು. ಕೂದಲೆಳೆಯಷ್ಟು ಅಂತರ ಇತ್ತು."

ಆಕೆ ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದು ಆಕೆಗೆ ತಿಳಿಯದು. ಮುಂದೆ ಔಷಧಿ ಅಂಗಡಿಯವರೇ ಹೇಳಿದ್ದು, ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ ಎಂದು. ಅವರು ಕೈಗಡಿಯಾರ ನೋಡಿಕೊಂಡಿದ್ದರಂತೆ.

"ಮುಟ್ಟಲಿಲ್ಲ" ಎಂದರು ಅಕ್ಕ. "ನಾನೇ ಮುಂಚೆ ಹೋದೆ. ತಪ್ಪು ನಂದು."

ತೀರ್ಪುಗಾರರು ಗೋಡೆಯ ಕುದುರೆಯನ್ನು ಮೊದಲಿನ ಮೊಳೆಗೆ ಹಾಕಿಸಿದರು. ಹುಡುಗಿಗೆ ಗೋಡೆಯಿಂದ ಸುಳಿವು ಸಿಕ್ಕಿತಲ್ಲ ಎಂದು ಔಷಧಿ ಅಂಗಡಿಯವರಿಗೆ ಹತ್ತು ನಿಮಿಷ ಹೆಚ್ಚಿಗೆ ಕೊಟ್ಟರು. ಪಂದ್ಯ ಮುಂದುವರಿಯಿತು. ಹುಡುಗಿ ಹತ್ತೊಂಬತ್ತು ನಿಮಿಷ ಯೋಚಿಸಿ, ಹೋದ ಕಾಲಾಳು ಹೋಗಲಿ ಎಂದು ರಾಣಿಯನ್ನು ಪಕ್ಕಕ್ಕೆ ಸರಿಸಿದಳು. ಒಂದು ಕಾಯಿ ಮುಂದಿದ್ದೂ ಸಿಟ್ಟು ಇಳಿಯದ ಔಷಧಿ ಅಂಗಡಿಯವರು ಜೀವಮಾನದಲ್ಲೇ ಮೊದಲ ಬಾರಿ ಸರಸರನೆ ಆಡತೊಡಗಿದರು. ಮೂವತ್ತನಾಲ್ಕನೆಯ ನಡೆಯನ್ನು ಅವರು ಆಡಿದ್ದು ನಾಲ್ಕೇ ಸೆಕೆಂಡಿನಲ್ಲಿ. ಅಲ್ಲಿಗೆ ಆಟ ಕೈಬಿಟ್ಟಿತು. ಗೆದ್ದವರಿಗೆ ಕೊಡುವ ಬಹುಮಾನದ ಬಟ್ಟಲು ಹುಡುಗಿಯ ಪಾಲಾಯಿತು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಕಾರ್ಯದರ್ಶಿ ಗಾದೆ ಹೇಳಿಯೇ ಕೋಲು ಕಿತ್ತುಕೊಂಡರು. ಖಾಯಂ ಕಾಗದ ಡ್ರಾಯರಿನೊಳಗೆ ಹೋಯಿತು. ಹದಿನಾಲ್ಕು ತಿಂಗಳು ಅಕ್ಕ ಬರೀ ಪೊರಕೆ ಹಿಡಿದರು. ಗೋಡೆಯ ಕೆಲಸಕ್ಕೆ ಬಂದ ಹೊಸಬ ಬಲು ಚುರುಕು, ಆದರೆ ಮೊಬೈಲು ನೋಡುತ್ತ ಒಮ್ಮೆ ಕಪ್ಪು ಒಂಟೆಯನ್ನು ಬಿಳಿ ಒಂಟೆಯ ಜಾಗದಲ್ಲಿ ನೇತುಹಾಕಿದ, ಜನ ಒಂದು ಗಂಟೆ ಬೇರೆಯದೇ ಪಂದ್ಯ ನೋಡಿ ಮನೆಗೆ ಹೋದರು. ಅಕ್ಕ ವೇದಿಕೆಯ ಮಗ್ಗುಲಲ್ಲೇ ನಿಂತು ಎಲ್ಲ ನೋಡುತ್ತಿದ್ದರು. ಹೇಳಲಿಲ್ಲವೇ ಎಂದರೆ, "ಪೊರಕೆ ಹಿಡಿದೋಳ ಮಾತು ಯಾರು ಕೇಳ್ತಾರೆ" ಎಂದು ನಗುತ್ತಾರೆ.

ಪಂದ್ಯವಾಗಿ ವಾರಕ್ಕೆ ಕಂಡಕ್ಟರ್ ಹುಡುಗಿ ಸಿಕ್ಕಿದ್ದಳು. ಅಕ್ಕ ಹತ್ತಿದ ಬಸ್ಸು ಅವಳದೇ ಆಗಿತ್ತು. ಚೀಟಿಗೆ ದುಡ್ಡು ತೆಗೆದುಕೊಳ್ಳಲು ಅವಳು ಒಪ್ಪಲಿಲ್ಲ, ಕೊಡದೆ ಇರಲು ಇವರು ಒಪ್ಪಲಿಲ್ಲ. ಇಳಿಯುವ ಮೊದಲು ಅಕ್ಕ ಕೇಳಿದರು: "ಒಂದು ಮಾತು ಹೇಳು. ನಾನು ಗೋಡೆ ಮೇಲೆ ಇಡದೇ ಇದ್ದಿದ್ರೆ ಕುದುರೇನ ಆಡ್ತಿದ್ಯಾ?"

ಹುಡುಗಿ ಎರಡು ನಿಲ್ದಾಣದಲ್ಲಿ ಹತ್ತಿದವರಿಗೆಲ್ಲ ಚೀಟಿ ಹರಿದುಕೊಟ್ಟು ಬಂದಳು. ಆಮೇಲೆ, "ಗೊತ್ತಿಲ್ಲ ಅಕ್ಕ. ಕೈ ಯಾಕೆ ನಿಂತಿತ್ತು ಅಂತಾನೇ ಗೊತ್ತಿಲ್ಲ. ಅಷ್ಟು ಹೊತ್ತು ನನ್ನ ಕೈ ಯಾವತ್ತೂ ಗಾಳಿಲಿ ನಿಂತಿಲ್ಲ. ಒಳಗೆ ಯಾರೋ ತಡಿ ಅಂದಂಗಿತ್ತು" ಎಂದಳು.

ಈ ಉತ್ತರವನ್ನು ಅಕ್ಕ ಹನ್ನೊಂದು ವರ್ಷದಿಂದ ತಿರುವಿ ಹಾಕುತ್ತಿದ್ದಾರೆ. ಆ ಹುಡುಗಿಯನ್ನು ಉಳಿಸಿದ್ದು ತನ್ನ ಆತುರವೋ ಅವಳದೇ ತಾಳ್ಮೆಯೋ? ತನ್ನ ಆತುರವೇ ಆದರೆ, ತಪ್ಪಿಂದ ಒಳ್ಳೆಯದಾಯಿತು ಎನ್ನಬೇಕೋ, ಔಷಧಿ ಅಂಗಡಿಯವರಿಗೆ ಅನ್ಯಾಯವಾಯಿತು ಎನ್ನಬೇಕೋ? "ಇದಕ್ಕೆ ಮಾತ್ರ ಎಷ್ಟು ಹೊತ್ತು ಯೋಚಿಸಿದ್ರೂ ನಡೆ ಸಿಕ್ಕಿಲ್ಲ" ಎನ್ನುತ್ತಾರೆ.

ಸೋತ ಮೇಲೆ ಒಂದು ವರ್ಷ ಭವನದ ಕಡೆ ಸುಳಿಯದ ಔಷಧಿ ಅಂಗಡಿಯವರು ಒಂದು ದಿನ ಇದ್ದಕ್ಕಿದ್ದಂತೆ ಬಂದರು. ಗೋಡೆಯ ಮುಂದೆ ಹೊಸಬ ನಿಂತಿದ್ದನ್ನು ನೋಡಿ, ಅಕ್ಕ ಎಲ್ಲಿ ಎಂದು ಕೇಳಿ ತಿಳಿದುಕೊಂಡರು. ಮರುದಿನ ಸಮಿತಿಗೆ ಒಂದು ಕಾಗದ ಕೊಟ್ಟರು. ತಮ್ಮ ಅಂಗಡಿಯ ಕೌಂಟರಿನ ಹಿಂದೆ ನಿಂತು, ಚೀಟಿಯೊಂದನ್ನು ಎರಡನೆಯ ಸಲ ಓದುತ್ತಲೇ ಅವರು ಆ ಕಾಗದದ ಬಗ್ಗೆ ಹೇಳುತ್ತಾರೆ: "ಆವತ್ತು ನಾನು ಸೋತಿದ್ದು ನನ್ನ ಸಿಟ್ಟಿಂದ. ಅದು ಅರ್ಥ ಆಗೋಕೆ ಒಂದು ವರ್ಷ ಬೇಕಾಯ್ತು. ಆಯಮ್ಮ ಹೂಂ ಅಂದಿದ್ರೆ ಬಟ್ಟಲು ನನ್ನ ಮನೇಲಿರೋದು. ಆದ್ರೆ ಅದನ್ನ ನೋಡಿದಾಗೆಲ್ಲ ನಿಜವಾಗ್ಲೂ ಬೆರಳು ತಾಗಿತ್ತಾ ಅನ್ನೋ ಅನುಮಾನ ಕಾಡೋದು. ತಪ್ಪು ಮಾಡೋರು ಎಲ್ಲ ಕಡೆ ಇದ್ದಾರೆ. ಮಾಡಿದ್ದನ್ನ ಹೇಳೋರು ಗೋಡೆ ಹತ್ರ ಇರ್ಲಿ ಅಂತ ಬರೆದೆ, ಅಷ್ಟೆ."

ಕೋಲು ವಾಪಸ್ ಬಂತು. ಖಾಯಂ ಕಾಗದಕ್ಕೆ ಸಹಿ ಬೀಳಲು ಮತ್ತೂ ಎರಡು ವರ್ಷ ಹಿಡಿಯಿತು. ಅಂದಿನಿಂದ ಅಕ್ಕ ತಮಗೆ ತಾವೇ ಒಂದು ಕಟ್ಟಲೆ ಹಾಕಿಕೊಂಡಿದ್ದಾರೆ. ಆಟಗಾರ ಕಾಯಿ ಇಟ್ಟು, ಕೈ ಬಿಟ್ಟು, ಗಡಿಯಾರದ ಗುಂಡಿ ಒತ್ತಬೇಕು. ಆ ಟಕ್ ಎಂಬ ಸದ್ದು ಕಿವಿಗೆ ಬೀಳುವವರೆಗೂ ಕೋಲು ನೆಲ ಬಿಟ್ಟು ಏಳುವುದಿಲ್ಲ. ಮುಂದಿನ ಸಾಲಿನ ಚುರುಕು ಜನ "ಅಕ್ಕ, ನಿದ್ದೆ ಬಂತಾ?" ಎಂದು ಕಿಚಾಯಿಸುತ್ತಾರೆ. ಆಕೆ ತಿರುಗಿಯೂ ನೋಡುವುದಿಲ್ಲ. ಕಳೆದ ಹತ್ತು ವರ್ಷದಲ್ಲಿ ಗೋಡೆಯ ಮೇಲೆ ಒಂದೇ ಒಂದು ನಡೆ ತಪ್ಪಾಗಿಲ್ಲ.

ಈ ತಾಳ್ಮೆ ಭವನದ ಬಾಗಿಲು ದಾಟಿ ಮನೆಗೂ ಬಂದಿದೆಯೇ ಎಂದು ಅವರ ಗಂಡನನ್ನು ಕೇಳಬೇಕು. ಈಗ ಅವರು ಕೋಲೂರಿಕೊಂಡು ಓಡಾಡುತ್ತಾರೆ, ಮನೆಯಲ್ಲೇ ಕೂತು ಅಂಗಡಿಗಳ ಹೆಸರುಫಲಕ ಬರೆದುಕೊಡುತ್ತಾರೆ. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಬಣ್ಣದ ಡಬ್ಬಿಗಳ ಸಾಲು. "ಎಲ್ಲಿ ಬಂತು ಸ್ವಾಮಿ? ಹಾಲು ಉಕ್ಕೋಕೆ ಮುಂಚೆನೇ ಒಲೆ ಆರಿಸ್ತಾಳೆ. ನಾನು ಒಂದು ಮಾತು ಶುರು ಮಾಡಿದ್ರೆ ಅದನ್ನ ಮುಗಿಸೋಳು ಅವಳು. ನಂಗೇನು ಗುಂಡಿ ಇದ್ಯಾ ಒತ್ತೋಕೆ?" ಎನ್ನುತ್ತಾರೆ. ಒಳಗಿನಿಂದ ಪಾತ್ರೆ ತುಸು ಜೋರಾಗಿಯೇ ಸದ್ದು ಮಾಡುತ್ತದೆ.

ಆದರೂ ಒಂದು ಬದಲಾವಣೆಯನ್ನು ಅವರು ಒಪ್ಪುತ್ತಾರೆ. ಹೋದ ವರ್ಷ ಅಕ್ಕ ಸಂತೆಬೀದಿಯಲ್ಲಿ ಆ ಹಳೆಯ ಮೇಲ್ವಿಚಾರಕನನ್ನು ಕಂಡರಂತೆ. ಮುದುಕನಾಗಿದ್ದ, ಕೈಚೀಲ ಎತ್ತಲಾಗದೆ ನಿಂತಿದ್ದ. ಅಕ್ಕ ಹಾಗೇ ದಾಟಿ ಹೋದರು. ಬೀದಿಯ ತುದಿಯಲ್ಲಿ ಸುಮಾರು ಹೊತ್ತು ನಿಂತರು. ತಿರುಗಿ ಬಂದು ಚೀಲ ಎತ್ತಿ ಅವನನ್ನು ಆಟೋ ಹತ್ತಿಸಿದರು. ಅವನಿಗೆ ಗುರುತು ಸಿಗಲಿಲ್ಲ. ಇವರೂ ಹೇಳಿಕೊಳ್ಳಲಿಲ್ಲ.

ಗೋಡೆಯ ಜಾಗಕ್ಕೆ ದೊಡ್ಡ ಪರದೆ ತರುತ್ತೇವೆಂದು ಸಮಿತಿ ಮೂರು ವರ್ಷದಿಂದ ಹೇಳುತ್ತಿದೆ. ಬಂದರೆ ಬೇಸರವೇ ಎಂದು ಕೇಳಿದರೆ ಅಕ್ಕ ತಗಡಿನ ಕಾಯಿಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ ಮೊಳೆಗೆ ಹಾಕುತ್ತಾರೆ. ಎಲ್ಲ ಮುಗಿದ ಮೇಲೆ ವೇದಿಕೆಯಿಂದ ಇಳಿದು, ಖಾಲಿ ಕುರ್ಚಿಗಳ ಸಾಲುಗಳನ್ನು ನೋಡುತ್ತ ಹೇಳುತ್ತಾರೆ:

"ಹತ್ತೊಂಬತ್ತು ವರ್ಷದಲ್ಲಿ ಆಟ ನಡೀವಾಗ ನಾನು ಈ ಗೋಡೇನ ದೂರದಿಂದ ನೋಡೇ ಇಲ್ಲ. ಯಾವಾಗ್ಲೂ ಮೂಗಿಗೆ ತಾಗೋ ಹಾಗೆ ನಿಂತಿರ್ತೀನಿ. ಪರದೆ ಬರೋಕೆ ಮುಂಚೆ ಒಂದು ದಿನ, ಒಂದೇ ಒಂದು ಪಂದ್ಯಕ್ಕೆ, ಬೇರೆ ಯಾರಾದ್ರೂ ಕೋಲು ಹಿಡೀಲಿ. ನಾನು ಕೊನೇ ಸಾಲಲ್ಲಿ ಕೂರ್ಬೇಕು. ಅಲ್ಲಿಂದ ಆಟಗಾರರ ಕೈಕಾಲು ಏನೂ ಕಾಣಲ್ಲ ನೋಡಿ. ಏನು ಆಡ್ತಾರೋ ಅಂತ ಎಲ್ಲರ ಜೊತೆ ನಾನೂ ಸುಮ್ನೆ ಕಾಯ್ಬೇಕು."